ಸ್ಥಿರಾಸ್ತಿ

ಚಿಲೋಯೆ ದ್ವೀಪದ ನನ್ನ ಶಾಲೆಯಲ್ಲಿ
ಏಳನೇ ತರಗತಿಗೆ ಸಮಾಜ ಪಾಠದ ಮೊದಲ ದಿನ.
ಪುಸ್ತಕದ ಮೊದಲ ಸಾಲು: ಮನುಷ್ಯನು ಸಂಘಜೀವಿ.
ಕೊನೆಯ ಬೆಂಚಿನ ಡೆಲ್ಫಿನ್ ಆಗಲೇ ಆಕಳಿಸಿದ್ದ.
ಪುಸ್ತಕ ಮುಚ್ಚಿ ಕೇಳಿದೆ:
ಹೋದ ತಿಂಗಳು ಮಿಲ್ಯಾಲೊಂಕೊ ಮನೆ ಎಳೆದರಲ್ಲ,
ಯಾರು ಯಾರು ಹೋಗಿದ್ದಿರಿ?

ಎಲ್ಲ ಕೈಯೂ ಮೇಲೆ.
ಮರದ ಮನೆ, ಮರದ್ದೇ ಹೆಂಚು,
ಮನೆಯಡಿಗೆ ದಿಮ್ಮಿ, ದಿಮ್ಮಿಗೆ ಹಗ್ಗ,
ಹಗ್ಗಕ್ಕೆ ಎಂಟು ಜೋಡಿ ಎತ್ತು.
ನೋಂದಣಿ ಕಚೇರಿಯ ಕಡತದಲ್ಲಿ ಮಾತ್ರ ಅದು ಸ್ಥಿರಾಸ್ತಿ;
ನಮ್ಮಲ್ಲಿ ಮನೆಗೂ ಕಾಲು ಬರುತ್ತದೆ,
ನೆರೆಯವರು ಬಂದರೆ.

ಕೂಲಿ ಎಷ್ಟು ಕೊಟ್ಟರು, ಎಂದೆ.
ಟೀಚರಿಗೆ ತಲೆ ಕೆಟ್ಟಿದೆ ಎನ್ನುವಂತೆ ನಕ್ಕರು.
ಗುಂಡಿಯಲ್ಲಿ ಕಾದ ಕಲ್ಲು, ಕಲ್ಲಿನ ಮೇಲೆ ಚಿಪ್ಪುಮೀನು,
ಹಂದಿಮಾಂಸ, ಆಲೂಗಡ್ಡೆ,
ಮೇಲೆ ಛತ್ರಿಯಗಲದ ನಾಲ್ಕಾ ಎಲೆ.
ಸಂಜೆಯ ಊಟ, ಅಷ್ಟೇ.
ಮತ್ತೆ ಯಾಕೆ ಹೋಗುತ್ತಾರೆ?
“ನಾಳೆ ನಮ್ಮನೆ ಎಳೆಯೋಕೂ ಜನ ಬೇಕಲ್ಲ.”
“ಹೋಗದಿದ್ದರೆ ಆಡಿಕೊಳ್ತಾರೆ.”
ಡೆಲ್ಫಿನ್ ಎದ್ದು ನಿಂತ:
“ನಮ್ಮಪ್ಪ ಅವರ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ,
ಬೇಲಿ ಜಗಳ.
ಆದರೂ ಎತ್ತು ಹೊಡಕೊಂಡು ಹೋದರು.
ಮಾತಾಡಲಿಲ್ಲ. ಬರೀ ಎಳೆದರು.”

ಆ ಮನೆಯ ಹುಡುಗ ರೂಪೆರ್ಟೊ ಉಗುರಲ್ಲಿ ಮೇಜು ಕೆರೆಯುತ್ತಿದ್ದ.
“ಅಜ್ಜಿ ಇಳಿಯಲೇ ಇಲ್ಲ ಟೀಚರ್.
ಒಲೆ ಇಳಿಸಿದರು, ಕಿಟಕಿ ಗಾಜು ಇಳಿಸಿದರು, ಬೆಕ್ಕನ್ನೂ.
ಅವಳು ಕುರ್ಚಿ ಹಾಕಿಕೊಂಡು ಒಳಗೇ ಕೂತಳು.
ಕಡಲು ಬಂದಾಗ ನನಗೆ ಆರು ವರ್ಷ,
ಆವತ್ತು ಮನೆ ನನ್ನನ್ನು ಕೇಳದೆ ಹೋಯಿತು,
ಈ ಸಲ ಹೋಗುವುದಾದರೆ ನಾನು ಒಳಗಿರುತ್ತೇನೆ ಅಂದಳು.
ಎತ್ತು ಜಗ್ಗಿದಾಗಲೆಲ್ಲ ಚೌಕಟ್ಟು ಹಿಡಿದ ಬೆರಳು ಬೆಳ್ಳಗೆ.
ಮುಖ ಮಾತ್ರ ನಗುತ್ತಿತ್ತು.
ಈಗ ಗುಡ್ಡದ ಮೇಲಿದ್ದೇವೆ, ಅಲ್ಲಿಗೆ ಕಡಲು ಕೇಳಿಸುವುದಿಲ್ಲ.
ಕೇಳಿಸದೆ ನಿದ್ದೆ ಬರುತ್ತಿಲ್ಲ ಅಂತಾಳೆ.
ಯಾವುದಕ್ಕೆ ಹೆದರಿದಳೋ ಅದೇ ಬೇಕಂತೆ. ಇದೇನು ಟೀಚರ್?”

ಇದಕ್ಕೊಂದು ಹೆಸರಿದೆ, ನಲವತ್ತನೆಯ ಪುಟದಲ್ಲಿ.
ಹೇಳಲು ಬಾಯಿ ಬರಲಿಲ್ಲ.

ಅಲೆ ಎಷ್ಟೆತ್ತರ ಇತ್ತು, ಎಂದು ಮಾತು ತಿರುಗಿಸಿದೆ.
ಚರ್ಚಿನ ಗೋಪುರದಷ್ಟು. ಸೇಬಿನ ಮರದಷ್ಟು. ಅಲ್ಲ, ಎರಡು ಮರದಷ್ಟು.
“ನಮ್ಮಜ್ಜ ಅಲೆ ನೋಡಲೇ ಇಲ್ಲವಂತೆ,
ನೀರಿಲ್ಲದ ಕಡಲು ನೋಡಿದನಂತೆ,
ಮೀನು ಹಾರುತ್ತಿತ್ತಂತೆ ಕೆಸರಲ್ಲಿ.
ಆಯಲು ಓಡಿದವರೂ ಇದ್ದರಂತೆ.”

ಬೀರುವಿನಿಂದ ಅರವತ್ತರ ಹಾಜರಿ ಪುಸ್ತಕ ತೆಗೆದೆ.
ಮೇ ಇಪ್ಪತ್ತೆರಡು, ಭಾನುವಾರ.
ಆಮೇಲೆ ಮೂರು ವಾರ ಖಾಲಿ ಚೌಕ.
ಶಾಲೆ ತೆರೆದ ದಿನ ನಾಲ್ಕು ಹೆಸರಿನ ಮುಂದೆ: ಗೈರು.
ಮರುದಿನ ಗೈರು. ಅದರ ಮರುದಿನ ಗೈರು.
ಡಿಸೆಂಬರಿನ ಕೊನೆಯ ಹಾಳೆವರೆಗೂ ದಿನಾ ಕೂಗಿ,
ಕಾದು, ಬರೆದಿದ್ದಾರೆ.
ಹೊಡೆದುಹಾಕಲು ಮೇಷ್ಟ್ರಿಗೆ ಕೈ ಬರಲಿಲ್ಲವೋ,
ನಿಯಮವೇ ಹಾಗಿತ್ತೋ,
ದಾಖಲೆ ಹೇಳುವುದಿಲ್ಲ.
ಜುಲೈ ತಿಂಗಳಲ್ಲಿ ಒಂದು ಕಡೆ ಮಸಿ ಹರಡಿದೆ.
ಮಳೆ ಸೋರಿತ್ತೆಂದೂ ಹೇಳಬಹುದು.

ಮಕ್ಕಳು ಬೆರಳಿಟ್ಟು ಓದಿದರು.
ಕಾರ್ಕಮೊ. ಬಾರಿಯಾ. ನಹುಯೆಲ್ಕಿನ್. ನಹುಯೆಲ್ಕಿನ್.
“ಇದು ನನ್ನ ಹೆಸರು,” ಎಂದಳು ಎದುವಿನಾ,
ಹೆದರಿದಂತೆ, ಸ್ವಲ್ಪ ಜಂಬದಿಂದಲೂ.
“ಇದು ಪರೀಕ್ಷೆಗೆ ಬರುತ್ತಾ?” ಯಾರೋ ಕೇಳಿದರು.
ಗಂಟೆ ಹೊಡೆಯಿತು, ಪುಣ್ಯಕ್ಕೆ.

ಮರುದಿನ ಬೆಳಿಗ್ಗೆ ಹಾಜರಿ ಕರೆದೆ.
ಎದುವಿನಾ ನಹುಯೆಲ್ಕಿನ್?
ಉತ್ತರವಿಲ್ಲ.
ಮತ್ತೆ ಕೂಗಿದೆ. ಪೆನ್ನು ಚೌಕದ ಮೇಲೇ ನಿಂತಿತು.
ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಡೆಲ್ಫಿನ್ ಕೂಡ.

ಬಾಗಿಲಲ್ಲಿ ಕೆಸರು ಬೂಟು, ಬಾಯಿ ತುಂಬ ಬ್ರೆಡ್ಡು:
“ಬಂದೆ ಟೀಚರ್,
ದೋಣಿ ತಡವಾಯ್ತು.”